ಮೂರು ಸಲ ಬೀಸಿದ ಹಿಟ್ಟು

ನಮ್ಮೂರಿನಲ್ಲಿ ರೊಟ್ಟಿ ದುಂಡಗೆ ಬರುತ್ತಿರಲಿಲ್ಲ. ಹೊರಗಿನಿಂದ ಬಂದ ಬೀಗರು ಮೊದಲು ಗಮನಿಸುತ್ತಿದ್ದದ್ದೇ ಅದನ್ನು. ಅಂಚು ಸೀಳಿರುತ್ತಿತ್ತು, ನಡುವೆ ಬಿರುಕು ಬಿಟ್ಟಿರುತ್ತಿತ್ತು, ಹಂಚಿನ ಮೇಲೆ ಹಾಕುವಷ್ಟರಲ್ಲಿ ಒಂದು ಚೂರು ಕೈಯಲ್ಲೇ ಉಳಿಯುತ್ತಿತ್ತು. ಈ ಊರಿನ ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಅವರು ತಮ್ಮೂರಿಗೆ ಹೋಗಿ ಹೇಳುತ್ತಿದ್ದರು. ತಪ್ಪು ಕೈಯದಲ್ಲ, ಹಿಟ್ಟಿನದು. ಒಂದೇ ಹಿಟ್ಟನ್ನು ಮತ್ತೆ ಮತ್ತೆ ಬೀಸಿದರೆ ಅದು ಬಿಸಿಯೇರಿ ಜಿಗಿ ಕಳೆದುಕೊಳ್ಳುತ್ತದೆ. ನಾವು ಬೀಸಿಸಿಕೊಂಡು ಬಂದ ಹಿಟ್ಟನ್ನೇ ಮರುದಿನ ಡಬ್ಬಿಯಲ್ಲಿ ಹೊತ್ತುಕೊಂಡು ಮತ್ತೆ ಗಿರಣಿಗೆ ಹೋಗುವ ಜನ. ಮೂರನೆಯ ಸಲಕ್ಕೆ ಅದು ಹಿಟ್ಟಲ್ಲ, ಮುಖಕ್ಕೆ ಹಚ್ಚುವ ಪೌಡರು.

ಊರಿನಲ್ಲಿ ಗಡಿಗೆ ಇಲ್ಲದ ಜಾಗವೆಂದರೆ ಗಿರಣಿಯೊಂದೇ. ಮಿಕ್ಕಂತೆ ಪ್ರತಿ ಮನೆಯ ಒಲೆಯ ಪಕ್ಕದಲ್ಲಿ ಒಂದು ಗಡಿಗೆ ಇತ್ತು. ಕಪ್ಪು ಮಣ್ಣಿನದು, ಸಣ್ಣ ಬಾಯಿಯದು, ನಾನು ಹುಟ್ಟುವ ಮೊದಲಿನಿಂದಲೂ ಇದ್ದದ್ದು. ಮನೆಯಲ್ಲಿ ಆಡಿದ ಮಾತು ಅದರೊಳಗೆ ಬೀಳುತ್ತಿತ್ತು. ವಾರಕ್ಕೊಮ್ಮೆ ಓಣಿಗೆ ಗಾಡಿ ಬಂದು ತುಂಬಿದ ಗಡಿಗೆಯನ್ನು ಆಲಿಕೆ ಕಚೇರಿಗೆ ಒಯ್ದು, ಖಾಲಿಯಾದದ್ದನ್ನು ಇಟ್ಟು ಹೋಗುತ್ತಿತ್ತು. ಗಡಿಗೆ ಹಗುರಾಗಿದ್ದರೆ ಯಾಕೆ ಎಂದು ಕೇಳಲು ಬರುತ್ತಿದ್ದರು. ಹಾಗಾಗಿ ಮಕ್ಕಳು ಸಾಲೆಯಿಂದ ಬಂದ ಕೂಡಲೇ ಅದರ ಮುಂದೆ ಕೂತು ಮಗ್ಗಿ ಹೇಳುತ್ತಿದ್ದವು. ದೊಡ್ಡವರು ಬದನೆಕಾಯಿಯ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡುತ್ತಿದ್ದರು. ಊರ ಹೊರಗಿನ ಹುಣಸೆಮರಗಳಿಗೂ ಗಡಿಗೆ ಕಟ್ಟಿದ್ದರು. ಗಿರಣಿಯಲ್ಲೂ ಒಮ್ಮೆ ಇಟ್ಟು ನೋಡಿದರಂತೆ. ಅದನ್ನು ಆಲಿಸಿದವನು ಕಿವಿ ಮುಚ್ಚಿಕೊಂಡು ಕುಕ್ಕರಿಸಿದನಂತೆ. ಮರುದಿನವೇ ತೆಗೆಸಿದರು.

ಹೀಗಾಗಿ ಮನೆಯಲ್ಲಿ ಆಡಲಾಗದ್ದೆಲ್ಲ ಗಿರಣಿಗೆ ಬರುತ್ತಿತ್ತು. ಗಂಡ ಹೆಂಡತಿ ಜಗಳ ಆಡಲು ಜೋಳ ಹೊತ್ತು ಬರುತ್ತಿದ್ದರು. ಹೆಣ್ಣು ನೋಡಿದವರು ಒಪ್ಪಿಗೆಯೋ ಅಲ್ಲವೋ ಎಂದು ಅಲ್ಲೇ ತಿಳಿಸುತ್ತಿದ್ದರು. ಆ ಗದ್ದಲದಲ್ಲಿ ಕಿವಿಗೆ ಬಾಯಿ ಹಚ್ಚದೆ ಏನೂ ಕೇಳುತ್ತಿರಲಿಲ್ಲ. ಕಿವಿಯ ಮೇಲೆ ಹಿಟ್ಟು ಮೆತ್ತಿಕೊಂಡು ರಸ್ತೆಯಲ್ಲಿ ನಡೆಯುವವನನ್ನು ಕಂಡರೆ, ಇವನಿಗೆ ಯಾರೋ ಏನೋ ಹೇಳಿದ್ದಾರೆ ಎಂದು ಗೊತ್ತಾಗುತ್ತಿತ್ತು. ಏನು ಎಂದು ಯಾರೂ ಕೇಳುತ್ತಿರಲಿಲ್ಲ.

ಗಿರಣಿ ನಡೆಸುತ್ತಿದ್ದವಳು ಸಾವಂತ್ರವ್ವ. ನನ್ನ ಅಕ್ಕನ ಪಕ್ಕದ ಮನೆಯವಳು, ಗಂಡ ಸತ್ತ ಮೇಲೆ ಗಿರಣಿ ಹಿಡಿದವಳು. ಎರಡೂ ಕಿವಿಗೆ ಅರಳೆ ತುರುಕಿಕೊಂಡೇ ಇರುತ್ತಿದ್ದಳು. "ನನ್ನ ಕಿವ್ಯಾಗ ಅರಳಿ ಐತಿ, ನೀವ ಏನರ ಸಾಯ್ರಿ" ಎಂದು ದಿನಕ್ಕೊಮ್ಮೆಯಾದರೂ ಕೂಗುತ್ತಿದ್ದಳು. ನನಗೆ ಕಚೇರಿಯಲ್ಲಿ ನೌಕರಿ ಸಿಕ್ಕ ಮೇಲೆ ನನ್ನ ಡಬ್ಬಿ ಇಸಿದುಕೊಳ್ಳುವಾಗಲೆಲ್ಲ, "ಬಾರಪಾ ಸಣ್ಣ ಸಾಹೇಬಾ, ನಿನ್ನ ಕಿವಿ ಮನ್ಯಾಗ ಬಿಟ್ಟ ಬಂದೀಯಿಲ್ಲೋ?" ಎನ್ನುತ್ತಿದ್ದಳು. ಸಾಲಿನಲ್ಲಿದ್ದವರು ನಗುತ್ತಿದ್ದರು, ಆದರೆ ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಗುತ್ತಿದ್ದರು.

ನೌಕರಿ ಸಿಕ್ಕದ್ದು ಹೇಗೆ ಎಂದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಅಪ್ಪ ಅವ್ವ ತೀರಿಕೊಂಡ ಮೇಲೆ ಅಕ್ಕ ದಾನಮ್ಮನೇ ನನ್ನನ್ನು ಪದವಿಯವರೆಗೆ ಓದಿಸಿದಳು. ಓದು ಮುಗಿದು ಬಹಳ ದಿನ ಸುಮ್ಮನಿದ್ದೆ. ಸಂದರ್ಶನಕ್ಕೆ ಕರೆದಾಗ ಕಚೇರಿಯ ಇನಾಮದಾರ ಸಾಹೇಬರು, "ನಿಮಗ ಯಾವ ವಿಷಯದಾಗ ಆಸಕ್ತಿ ಅದ?" ಎಂದು ಕೇಳಿದರು. ಯಾವುದರಲ್ಲಿ ಎಂದು ಯೋಚಿಸುತ್ತ ಕುಳಿತೆ. ಯೋಚನೆ ಮುಗಿಯಲಿಲ್ಲ. ಅವರು ತಮ್ಮ ಚಹಾ ಕುಡಿದು ಮುಗಿಸಿ, "ಸಾಕು, ನಾಳಿಂದ ಬರ್ರಿ" ಎಂದರು. ಮುಂದಿನ ಹಜಾರದಲ್ಲಿ ಗಡಿಗೆಯ ಮಾತುಗಳನ್ನೆಲ್ಲ ಹೊರಗೆ ಸುರಿದು ಆಲಿಸುವವರು ಬೇರೆ ಇದ್ದರು. ಮಾತು ಖಾಲಿಯಾದ ಮೇಲೆ ತಳದಲ್ಲಿ ಉಳಿಯುವುದನ್ನು ಕೇಳುವುದು ನನ್ನ ಕೆಲಸ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಬಾಗಿಲ ಮೇಲೆ ಮೌನ ವಿಭಾಗ ಎಂದು ಬರೆದಿತ್ತು.

ಮೌನದಲ್ಲಿ ಇಷ್ಟು ಬಗೆ ಇದೆ ಎಂದು ನಾನು ತಿಳಿದಿರಲಿಲ್ಲ. ಊಟದ ಮೌನ ಒದ್ದೆಯಾಗಿರುತ್ತದೆ. ಸಿಟ್ಟಿನ ಮೌನಕ್ಕೆ ಕಿವಿ ಹಚ್ಚಿದರೆ ಕಿವಿ ಬೆಚ್ಚಗಾಗುತ್ತದೆ. ರೋಗಿಯ ಕೋಣೆಯಲ್ಲಿ ಎಲ್ಲರೂ ಒಬ್ಬರ ಉಸಿರನ್ನೇ ಎಣಿಸುತ್ತಿರುತ್ತಾರೆ, ಹಾಗಾಗಿ ಅಲ್ಲಿ ಎಲ್ಲರ ಉಸಿರೂ ಒಂದೇ ಅಳತೆಗೆ ಬಂದಿರುತ್ತದೆ. ಇವುಗಳ ಬಗ್ಗೆ ನಾನು ಒಂದೆರಡು ಸಾಲಿನ ವರದಿ ಕೊಡುತ್ತಿದ್ದೆ. ಅದನ್ನು ಯಾರು ಓದುತ್ತಿದ್ದರೋ ತಿಳಿಯದು. ಯಾರಿಗೂ ಕೇಡಾಗಲಿಲ್ಲ ಎಂದು ನಂಬಿಕೊಂಡಿದ್ದೆ.

ಭಾವ ಶರಭಯ್ಯ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಚಿಕ್ಕಂದಿನಲ್ಲಿ ಚೆಂಡು ಬಡಿದು ಮೂಗಿನ ಎಲುಬು ಸರಿದಿತ್ತು. ಉಸಿರೆಳೆದಾಗ ಎಡಹೊಳ್ಳೆಯಿಂದ ಒಂದು ಸಣ್ಣ ಸಿಳ್ಳೆ ಬರುತ್ತಿತ್ತು. "ನಮ್ಮ ಮನ್ಯಾಗ ಕುಕ್ಕರ ಕೊಳ್ಳೂದು ಬ್ಯಾಡ, ಒಂದ ಐತಿ" ಎಂದು ಅಕ್ಕ ಗಡಿಗೆಗೆ ಕೇಳುವಂತೆಯೇ ಹೇಳಿ ಅವನನ್ನು ಕಾಡುತ್ತಿದ್ದಳು. ಒಂದು ಸಂಜೆ ಕಚೇರಿಯವರು ಓಣಿಯಲ್ಲಿ ಹೊಸ ಸೂಚನೆ ಸಾರಿದರು. ತಾಯಂದಿರು ಜೋಗುಳವನ್ನು ಗಡಿಗೆಯ ಹತ್ತಿರ, ಅಕ್ಷರ ಬಿಡದೆ ಹಾಡಬೇಕು ಎಂದು. ಅದಾದ ಸ್ವಲ್ಪ ಹೊತ್ತಿಗೆ ಭಾವ ನಕ್ಕ. ಒಂದು ಮಾತೂ ಇಲ್ಲ, ನಗು ಮಾತ್ರ ಗಡಿಗೆಯೊಳಗೆ ಬಿತ್ತು. ಅದು ಯಾತಕ್ಕೆ ನಕ್ಕದ್ದು ಎಂದು ಕಚೇರಿಗೆ ತಿಳಿಯಬೇಕಿತ್ತು. ಬೆಕ್ಕು ಮಾಡಿನಿಂದ ಜಾರಿತ್ತು ಎಂದು ಅಕ್ಕ ಹೇಳಿದಳು. ಭಾವನನ್ನು ಕೇಳಿದರೆ, "ನನಗ ನೆನಪಿಲ್ಲೋ ಮಾರಾಯಾ. ನಗಿ ಬಂತು, ನಕ್ಕೆ" ಎಂದ. ಅದನ್ನು ಅವನು ನನ್ನ ಕಿವಿಗೆ ಹೇಳಿದ್ದು ಗಿರಣಿಯಲ್ಲಿ, ಕಾಣೆಯಾಗುವ ಹಿಂದಿನ ದಿನ. ಮರುದಿನ ಕಚೇರಿಯವರು ಬಂದಾಗ ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು.

ಕಚೇರಿ ಕರೆದೊಯ್ದವರು ಹಿಂತಿರುಗಿ ಬರುತ್ತಿದ್ದರು. ಅದೇ ದೊಡ್ಡ ಹೆದರಿಕೆ. ಮೂಲೆಮನೆಯ ದರ್ಜಿಯನ್ನು ಒಯ್ದು ಬಿಟ್ಟಿದ್ದರು. ಬಂದ ದಿನದಿಂದ ಅವನು ಮಾತಾಡುವುದನ್ನು ನಿಲ್ಲಿಸಿರಲಿಲ್ಲ. ಉಳ್ಳಾಗಡ್ಡಿ ಚೆನ್ನಾಗಿದೆ, ಬಿಸಿಲು ಚೆನ್ನಾಗಿದೆ, ಗುಂಡಿ ಚೆನ್ನಾಗಿ ಕೂತಿದೆ ಎಂದು, ಉಣ್ಣುವಾಗಲೂ, ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟಾಗಲೂ. ಅವರ ಮನೆಯ ಗಡಿಗೆಯನ್ನು ಇಬ್ಬರು ಸೇರಿ ಎತ್ತಬೇಕಾಗುತ್ತಿತ್ತು. ಭಾವ ಸಿಕ್ಕರೆ ಅಕ್ಕನಿಗೆ ಉಳಿಯುವುದು ಅಂಥ ಒಬ್ಬ ಗಂಡ.

ಭಾವ ಕಾಣೆಯಾದ ಮೇಲೆ ಅಕ್ಕ ಸಂತೆಯ ದಿನ ಗಿರಣಿಗೆ ಬರುತ್ತಿದ್ದಳು. ನಾನೂ ಡಬ್ಬಿ ಹೊತ್ತು ಹೋಗುತ್ತಿದ್ದೆ. ಗಿರಣಿಯ ಪಟ್ಟಾ ತಿರುಗಿ ಗದ್ದಲ ಶುರುವಾದ ಕೂಡಲೇ ಅವಳು ನನ್ನ ಕಿವಿಗೆ ಬಾಯಿ ಹಚ್ಚುತ್ತಿದ್ದಳು.

"ಹೊಳಿ ಆಚೆ ಅದಾರಂತ. ಉಪ್ಪ ಮಾಡೂ ಮಂದಿ ಇಟಗೊಂಡಾರಂತ."

"ಯಾರ ಹೇಳಿದ್ರು?"

"ಜ್ವಾಳದ ಗಾಡಿಯವ."

"ಆರಾಮ ಅದಾರೇನು?"

"ಅದಾರಂತ. ಮೂಗಿಗೆ ಅಲ್ಲೀ ಗಾಳಿ ಚಲೋ ಆಗೇತಂತ. ಯಾರರ ಕೇಳಿದ್ರ ಹಂಗ ಹೇಳು."

"ನನ್ನ ಯಾರ ಕೇಳ್ತಾರ ಅಕ್ಕಾ?"

"ಕೇಳಿದ್ರ, ಅಂದೆ."

ಹೇಳಿ ಹಿಂದೆ ಸರಿದು ನನ್ನ ಮುಖ ನೋಡುತ್ತಿದ್ದಳು. ಅವಳ ತುಟಿಗೆ ನನ್ನ ಕಿವಿಯ ಹಿಟ್ಟು ಹತ್ತಿರುತ್ತಿತ್ತು. ನಾನು ಧೈರ್ಯ ಹೇಳುವವನಂತೆ ತಲೆಯಾಡಿಸುತ್ತಿದ್ದೆ. ಮನೆಗೆ ಹೋಗಿ ಆ ಹೊಳೆಯನ್ನು, ಉಪ್ಪಿನ ಬಯಲನ್ನು, ಅಲ್ಲಿ ಭಾವ ಚೆನ್ನಾಗಿ ಉಸಿರಾಡುತ್ತ ನಿಂತದ್ದನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ.

ಒಂದು ದಿನ ಗಡಿಗೆಯ ಗಾಡಿಯಲ್ಲೇ ಹಿಟ್ಟಿನ ಚೀಲಗಳು ಬಂದವು. ಈ ಊರಿನ ಜನ ಇಷ್ಟು ಬೀಸಿಸುತ್ತಾರೆಂದರೆ ಅವರಿಗೆ ಹಿಟ್ಟು ಸಾಲುತ್ತಿಲ್ಲ ಎಂದು ಸರ್ಕಾರಕ್ಕೆ ಮನವರಿಕೆಯಾಗಿತ್ತಂತೆ. ಇನ್ನು ಮುಂದೆ ಹಿಟ್ಟು ಮನೆ ಬಾಗಿಲಿಗೇ ಬರುತ್ತದೆ, ಜನ ಡಬ್ಬಿ ಹೊತ್ತು ದಣಿಯಬೇಕಾಗಿಲ್ಲ ಎಂದು ಸಾರಿದರು. ಗಿರಣಿಯ ಪಟ್ಟಾ ಬಿಚ್ಚಿ ಸುತ್ತಿ ಒಯ್ದರು. ನಿಜವಾಗಿಯೂ ಕರುಣೆಯಿಂದಲೇ ಮಾಡಿದರೋ, ಗೊತ್ತಿದ್ದೇ ಮಾಡಿದರೋ ಎಂದು ಕಚೇರಿಯೊಳಗೇ ಇದ್ದ ನನಗೂ ತಿಳಿಯಲಿಲ್ಲ. ಆ ವಾರ ಊರಿನಲ್ಲಿ ಮೊದಲ ಸಲ ರೊಟ್ಟಿ ದುಂಡಗೆ ಬಂತು. ಜನ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಬಹಳ ಹೊತ್ತು ಮುರಿಯದೆ ಕುಳಿತಿದ್ದರು. ಸಾವಂತ್ರವ್ವ ಕಿವಿಯ ಅರಳೆ ತೆಗೆದು ತನ್ನ ಕಟ್ಟೆಯ ಮೇಲೆ ಕುಳಿತಳು. ಕೇಳಲು ಏನೂ ಇರಲಿಲ್ಲ.

ನಾನು ಅಕ್ಕನ ಮನೆಗೆ ಹೋಗುವುದೂ ನಿಂತಿತು. ಹೋದರೆ ಬದನೆಕಾಯಿಯ ಮಾತಾಡಬೇಕು. ಅವಳ ಮುಂದೆ ಅದು ನನ್ನಿಂದ ಆಗುತ್ತಿರಲಿಲ್ಲ.

ಇತ್ತ ನನ್ನ ಮೇಜಿನ ಮೇಲೆ ಗಡಿಗೆಗಳು ಹೆಚ್ಚಾದವು. ಎಲ್ಲ ಮನೆಗಳಿಂದಲೂ ಒಂದು ಹೊಸ ಬಗೆಯ ಮೌನ ಬರತೊಡಗಿತು. ಮೊದಲು ಮೆತ್ತಗೆ ಏನನ್ನೋ ಸವರುವ ಸದ್ದು. ಆಮೇಲೆ ಬೆರಳು ಹರಿದಾಡುವ ಸದ್ದು, ನಿಂತು ನಿಂತು. ಆಮೇಲೆ ಅಂಗೈಯಿಂದ ಅಳಿಸುವ ಸದ್ದು. ಕೆಲವು ಮನೆಗಳಲ್ಲಿ ಅದರ ಬೆನ್ನಿಗೇ ಯಾರೋ ನಗು ನುಂಗುತ್ತಿದ್ದರು, ಕೆಲವು ಮನೆಗಳಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಜನ ಸರ್ಕಾರಿ ಹಿಟ್ಟನ್ನು ನಾದುವ ಪರಾತದಲ್ಲಿ ತೆಳ್ಳಗೆ ಹರವಿ, ಅದರ ಮೇಲೆ ಬೆರಳಿನಿಂದ ಬರೆದು ಮಾತಾಡುತ್ತಿದ್ದರು. ಗಡಿಗೆಗೆ ಕಣ್ಣಿರಲಿಲ್ಲ. ಹಿಟ್ಟು ಜರಡಿ ಹಿಡಿಯುತ್ತಿದ್ದಾರೆ ಎಂದು ನಾನು ವರದಿ ಕೊಟ್ಟೆ. ಊರು ಇಷ್ಟು ಜರಡಿ ಯಾಕೆ ಹಿಡಿಯುತ್ತದೆ ಎಂದು ಯಾರೂ ಕೇಳಲಿಲ್ಲ.

ಅವುಗಳ ನಡುವೆ, ಮೊದಲ ಸಲ, ಅಕ್ಕನ ಗಡಿಗೆ ಬಂತು. ನನಗೆ ಬರುವ ಗಡಿಗೆಗಳ ಮೇಲೆ ಓಣಿಯ ಗುರುತು ಮಾತ್ರ ಇರುತ್ತಿತ್ತು, ಮನೆಯವರ ಹೆಸರು ಸಾಹೇಬರ ಬಳಿ ಇರುತ್ತಿತ್ತು. ಆದರೂ ತಿಳಿಯಿತು. ಅಕ್ಕ ರೊಟ್ಟಿ ಬಡಿಯುವಾಗ ಬಡಿದು ಬಡಿದು ಸ್ವಲ್ಪ ನಿಲ್ಲುತ್ತಾಳೆ, ಬಾಗಿಲಲ್ಲಿ ಯಾರೋ ಕರೆದರೇನೋ ಎನ್ನುವ ಹಾಗೆ. ಅವಳ ಉಸಿರು ಕೇಳಿತು. ನಾನು ಕಿವಿ ತೆಗೆಯುವವನಿದ್ದೆ. ಅಷ್ಟರಲ್ಲಿ ಅವಳ ಉಸಿರಿನ ಹಿಂದೆ ಇನ್ನೊಂದು ಉಸಿರು ಬಂತು. ಎಳೆದಾಗ ಸಣ್ಣ ಸಿಳ್ಳೆ. ಬಿಟ್ಟಾಗ ಇಲ್ಲ. ಮತ್ತೆ ಎಳೆದಾಗ ಸಿಳ್ಳೆ.

ಭಾವ ಹೊಳೆ ದಾಟಿರಲಿಲ್ಲ. ಉಪ್ಪಿನ ಬಯಲಿನಲ್ಲಿ ಇರಲಿಲ್ಲ. ಅವನು ಆ ಮನೆಯಲ್ಲೇ, ಅಡಗಲು ಇದ್ದ ಒಂದೇ ಜಾಗವಾದ ಅಟ್ಟದ ಮೇಲೆ ಇದ್ದ, ಮೊದಲ ದಿನದಿಂದಲೂ.

ನಾನು ಬಹಳ ಹೊತ್ತು ಗಡಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡು ಕುಳಿತೆ. ಮೊದಲು ಬಂದದ್ದು ಹೆದರಿಕೆಯಲ್ಲ, ನೋವು. ಅವಳು ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ್ದೆಲ್ಲ, ನಾನು ಕಚೇರಿಗೆ ಹೇಳಲಿ ಎಂದು ಹೇಳಿದ್ದು. ಹಾಗಲ್ಲ, ಅಕಸ್ಮಾತ್ ಹೇಳಿದರೂ ಇರಲಿ ಎಂದು ಹೇಳಿದ್ದು. ಅಥವಾ ನನಗೆ ಗೊತ್ತಿಲ್ಲದಿದ್ದರೆ ನಾನು ಸುರಕ್ಷಿತ ಎಂದು ಮುಚ್ಚಿಟ್ಟದ್ದು. ಇವುಗಳಲ್ಲಿ ಯಾವುದು ಎಂದು ಕೇಳಬೇಕಿತ್ತು. ಕೇಳಲು ಗಿರಣಿ ಇರಲಿಲ್ಲ. ವರದಿಯಲ್ಲಿ, ಒಂಟಿ ಹೆಣ್ಣುಮಗಳು, ವಿಶೇಷವಿಲ್ಲ ಎಂದು ಬರೆದೆ.

ಮರುದಿನ ಇನಾಮದಾರ ಸಾಹೇಬರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಅದೇ ಗಡಿಗೆ ಇತ್ತು. ಅವರು ಎಂದೂ ದನಿ ಏರಿಸಿದವರಲ್ಲ. ನನಗೂ ಚಹಾ ತರಿಸಿದರು.

"ಇದು ನಿಮ್ಮ ಮೇಜಿಗೆ ಬಂದಿತ್ತಲ್ಲ? ಏನ ಕೇಳಿಸ್ತು?"

"ರೊಟ್ಟಿ ಬಡಿಯೂದ್ರಿ. ಪಾತ್ರಿ ತೊಳಿಯೂದು."

ಅವರು ಕಣ್ಣು ಮುಚ್ಚಿ ಗಡಿಗೆಗೆ ಕಿವಿಯಿಟ್ಟರು. "ಹೆಣ್ಣಮಗಳ ಉಸರು ಅದ. ಅದರ ಹಿಂದ ಇನ್ನೊಂದದ. ಸಿಳ್ಳಿ ಹೊಡೀತದ. ಅದು ಕೇಳಿಸ್ಲಿಲ್ಲೇನು?"

ನಾನು ಕಪ್ಪು ಬಸಿಯನ್ನು ಮೇಜಿನ ಮೇಲಿಟ್ಟೆ. ಕೇಳಿಸಿತು ಎಂದೆ.

"ನಿಮ್ಮಕ್ಕನ ಮನಿ ಇದು," ಎಂದರು. "ನೀವು ಸಂಜೀಕ ಅಲ್ಲಿಗೆ ಹೋಗ್ತೀರೇನು?"

ಗಿರಣಿ ನಿಂತ ಮೇಲೆ ನಾನು ಆ ಓಣಿಯನ್ನೇ ತುಳಿದಿರಲಿಲ್ಲ. "ಹೋಗ್ತೀನ್ರಿ" ಎಂದೆ.

"ಹಂಗಾದ್ರ ನಿಮ್ಮುಸರೇ ಇರಬೇಕು." ಅವರು ನಿಧಾನಕ್ಕೆ ಚಹಾ ಕುಡಿದರು. "ನೆಗಡಿ ಏನು?"

"ಹೌದ್ರಿ. ಭಾಳ ದಿನದ್ದು."

"ಔಷಧ ತಗೋಬ್ಯಾಡ್ರಿ. ನೆಗಡಿ ಹೋತಂದ್ರ ಗಡಿಗಿ ಬ್ಯಾರೆ ಹೇಳ್ತದ, ನಾ ಅದಕ್ಕ ಕಾರಣ ಹುಡುಕಬೇಕಾಗ್ತದ. ದಿನಾ ಹೋಗ್ರಿ. ಹೆಣ್ಣಮಗಳನ್ನ ಒಂಟಿ ಬಿಡಬಾರದು."

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಅವರು ನನ್ನನ್ನು ಉಳಿಸಿದರೋ, ಸಿಕ್ಕಿಸಿದರೋ? ಮುಖ ನೆನೆದುಕೊಂಡರೆ ಎರಡೂ ಸರಿ ಅನ್ನಿಸುತ್ತಿತ್ತು. ಸಂಜೆ ದಾರಿಯಲ್ಲಿ ಒಂದು ಜೋಳದ ಕಾಳು ಆರಿಸಿ ಎಡಹೊಳ್ಳೆಗೆ ಇಟ್ಟು ನೋಡಿದೆ. ಸಿಳ್ಳೆ ಬಂತು. ಅಂದಿನಿಂದ ಕಚೇರಿಯಲ್ಲಿ ಕಾಳು ಮೂಗಿನಲ್ಲೇ ಇರುತ್ತಿತ್ತು. ಒಮ್ಮೆ ಸಾಹೇಬರ ಎದುರೇ ಸೀನು ಬಂದು ಅದು ಅವರ ಮೇಜಿನ ಮೇಲೆ ಹೋಗಿ ಬಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಜ್ವಾಳ ಚಲೋ ಅದ. ಎಲ್ಲೀದು?" ಎಂದರು. ನನ್ನ ಅಂಗೈಗೇ ತಿರುಗಿ ಕೊಟ್ಟು, ಮುಂದಿನ ಕಾಗದ ತೆಗೆದುಕೊಂಡರು.

ಅಕ್ಕನ ಮನೆಗೆ ಮೊದಲ ಸಂಜೆ ಹೋದಾಗ ಸಾವಂತ್ರವ್ವ ಕಟ್ಟೆಯ ಮೇಲಿದ್ದಳು. "ಅಬಬಬ, ಸಣ್ಣ ಸಾಹೇಬರಿಗೆ ದಾರಿ ನೆನಪಾತಲ್ಲ" ಎಂದಳು. ಅಕ್ಕ ಬಾಗಿಲು ತೆರೆದು ಅಲ್ಲೇ ನಿಂತಳು. ನಾನು ಒಳಗೆ ಹೋಗಿ, ಅವಳು ನೋಡುತ್ತಿರುವಂತೆಯೇ ಜೇಬಿನಿಂದ ಕಾಳು ತೆಗೆದು ಮೂಗಿಗೆ ಇಟ್ಟು ಉಸಿರೆಳೆದೆ. ಅವಳ ಮುಖದ ಬಣ್ಣವೇ ಹೋಯಿತು. ಗೋಡೆ ಹಿಡಿದುಕೊಂಡು ನನ್ನ ಕಣ್ಣನ್ನೇ ನೋಡಿದಳು, ಹಿಂದೆ ಗಿರಣಿಯಲ್ಲಿ ನೋಡುತ್ತಿದ್ದಂತೆ. ನಾನು ನನ್ನ ಎದೆ ತೋರಿಸಿದೆ, ಮೂಗು ತೋರಿಸಿದೆ, ಕಚೇರಿಯ ದಿಕ್ಕು ತೋರಿಸಿದೆ, ಅಟ್ಟ ತೋರಿಸಿದೆ. ಮತ್ತೆ ನನ್ನ ಎದೆ. ಅವನ ಉಸಿರು ಇನ್ನು ನನ್ನದು ಎಂದು ಬೆರಳಿನಲ್ಲಿ ಹೇಳುವುದು ಎಷ್ಟು ಕಷ್ಟ. ಅರ್ಥವಾಯಿತೋ ಇಲ್ಲವೋ, ಅವಳು ಏಣಿ ತಂದು ಅಟ್ಟಕ್ಕೆ ಆನಿಸಿದಳು.

ಭಾವ ಇಳಿದು ಬಂದ. ಗಡ್ಡ ಬೆಳೆದಿತ್ತು, ಬೆನ್ನು ಅಟ್ಟದ ಎತ್ತರಕ್ಕೆ ಬಗ್ಗಿತ್ತು. ನನ್ನ ಭುಜದ ಮೇಲೆ ಕೈಯಿಟ್ಟ. ಆಮೇಲೆ ಹೋಗಿ ಒಲೆಯ ಮುಂದೆ, ಗಡಿಗೆಯ ಪಕ್ಕದಲ್ಲಿ, ಮನೆಯ ಗಂಡಸಿನಂತೆ ಕುಳಿತು ಉಸಿರಾಡಿದ.

ಆಗ ನನಗೆ ಹೊಳೆಯಿತು, ಆ ಮನೆಯಲ್ಲಿ ಈಗ ಹೆಚ್ಚಾದ ಉಸಿರು ನನ್ನದು. ಗಡಿಗೆಗೆ ಎರಡೇ ಉಸಿರು ಲೆಕ್ಕ. ನಾನು ಕಾಳು ತೆಗೆದು ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕುಳಿತೆ. ಓಣಿಯವರು ನೋಡುವಂತೆ ಒಳಗೆ ಬರುವುದು, ಹಿತ್ತಿಲಲ್ಲಿ ಕುಳಿತಿರುವುದು, ಓಣಿಯವರು ನೋಡುವಂತೆ ಹೊರಗೆ ಹೋಗುವುದು. ಹೀಗೆ ದಿನಗಳು ಹೋದವು. ಅಕ್ಕ ರೊಟ್ಟಿ ಪಲ್ಯ ತಂದು ಕಲ್ಲಿನ ಮೇಲಿಟ್ಟು ಹೋಗುತ್ತಿದ್ದಳು. ಕಿಟಕಿಯಿಂದ ಅವರಿಬ್ಬರೂ ಒಲೆಯ ಬೆಳಕಿನಲ್ಲಿ ಕುಳಿತದ್ದು ಕಾಣುತ್ತಿತ್ತು. ನನ್ನ ಬದಲಿಗೆ ಭಾವ ಅಲ್ಲಿದ್ದಾನೋ, ಅವನ ಬದಲಿಗೆ ನಾನು ಇಲ್ಲಿದ್ದೇನೋ ಎಂದು ಒಮ್ಮೊಮ್ಮೆ ಗೊಂದಲವಾಗುತ್ತಿತ್ತು.

ಅವಳು ಹಿಟ್ಟಿನ ಮೇಲೆ ನನಗೆ ಏನನ್ನೂ ಬರೆಯಲಿಲ್ಲ. ಬರೆಯಲಿ ಎಂದು ನಾನು ಕಾಯುತ್ತಿದ್ದೆ. ಯಾಕೆ ಮುಚ್ಚಿಟ್ಟೆ ಎಂದು ನಾನೇ ಬರೆದು ಕೇಳಬಹುದಿತ್ತು. ಪರಾತದ ಮುಂದೆ ಬೆರಳು ಚಾಚಿ ಎಷ್ಟೋ ಸಲ ಹಿಂತೆಗೆದಿದ್ದೇನೆ. ಉತ್ತರವನ್ನೂ ಅವಳು ಬರೆಯಬೇಕಾಗುತ್ತದಲ್ಲ, ಮತ್ತು ಅದನ್ನು ನಾನು ಓದಬೇಕಾಗುತ್ತದೆ.

ಗಡಿಗೆ ಬದಲಾಯಿಸಿ ಹೋದ ದಿನದ ಸಂಜೆ, ನಾನು ಹೊರಡುವಾಗ ಅವಳು ನನ್ನ ತೋಳು ಹಿಡಿದಳು. ಪರಾತದಲ್ಲಿ ಹಿಟ್ಟು ಹರವಿ, ನಿಧಾನಕ್ಕೆ ಬರೆದಳು.

ನಾಳೆ ಬರಬ್ಯಾಡ.

ನಾನು ಯಾಕೆ ಎನ್ನುವಂತೆ ಕೈ ತಿರುಗಿಸಿದೆ. ಅವಳು ಅಂಗೈಯಿಂದ ಅಳಿಸಿ ಹಿಟ್ಟು ಸಮ ಮಾಡಿ, ಅದನ್ನೇ ಮತ್ತೆ ಬರೆದಳು. ಭಾವ ಒಲೆಯ ಕಡೆ ಮುಖ ಮಾಡಿ ಕುಳಿತಿದ್ದ.

ನಾನು ನನ್ನ ಕೋಣೆಗೆ ಹೋಗಿ ಆ ಎರಡು ಶಬ್ದಗಳನ್ನು ಹಿಡಿದುಕೊಂಡು ಕುಳಿತೆ. ಒಂದು ದಿನ ತಪ್ಪಿದರೂ ಸಾಹೇಬರಿಗೆ ಗೊತ್ತಾಗುತ್ತದೆ. ಅದು ಅವಳಿಗೂ ತಿಳಿದಿತ್ತು. ಹಾಗಿದ್ದರೂ ಬರಬೇಡ ಎಂದಳೆಂದರೆ, ನಾಳೆ ಆಗುವುದರಲ್ಲಿ ನಾನು ಇರಬಾರದು. ನನ್ನ ಒಳ್ಳೆಯದಕ್ಕೋ, ನಾನು ನೋಡಬಾರದು ಎಂದೋ? ಕಚೇರಿಯ ಮೇಜಿನ ಮೇಲೆ ಎಷ್ಟೋ ಮನೆಗಳ ಮೌನ ಬಿಡಿಸಿದವನಿಗೆ ಅಕ್ಕನ ಎರಡು ಶಬ್ದ ಬಿಡಿಸಲಾಗಲಿಲ್ಲ.

ಹೋದೆ. ಬಾಗಿಲಿಗೆ ಕೊಂಡಿ ಮಾತ್ರ ಹಾಕಿತ್ತು. ಒಳಗೆ ಒಲೆ ತಣ್ಣಗಿತ್ತು. ಏಣಿ ಮೂಲೆಯಲ್ಲಿ ಮಲಗಿತ್ತು. ಅಟ್ಟದಲ್ಲಿ ಯಾರೂ ಇರಲಿಲ್ಲ. ಅಕ್ಕನ ಚಪ್ಪಲಿ ಇರಲಿಲ್ಲ. ಪರಾತದಲ್ಲಿ ಹಿಟ್ಟು ಇತ್ತು, ಸಮನಾಗಿ ಸವರಿದ್ದು, ಒಂದು ಅಕ್ಷರವೂ ಇಲ್ಲದ್ದು. ನಾನು ಅದನ್ನು ಬೆಳಕಿನ ಕಡೆ ವಾಲಿಸಿ ನೋಡಿದೆ, ಅಳಿಸಿದ ಗುರುತಾದರೂ ಇದ್ದೀತೆಂದು.

ಗಡಿಗೆ ಒಲೆಯ ಪಕ್ಕದಲ್ಲಿ ಬಾಯಿ ತೆರೆದುಕೊಂಡಿತ್ತು. ಗಾಡಿ ಬರುವವರೆಗೆ ಅದು ಈ ಖಾಲಿ ಮನೆಯನ್ನೇ ಕುಡಿಯುತ್ತದೆ. ಖಾಲಿ ಮನೆಯ ಮೌನ ಬೇರೆ ಯಾವುದರಂತೆಯೂ ಇರುವುದಿಲ್ಲ, ಸಾಹೇಬರಿಗೆ ಕಿವಿಯಿಟ್ಟ ಕೂಡಲೇ ತಿಳಿಯುತ್ತದೆ. ಹುಡುಕುವವರು ಹೊರಡುತ್ತಾರೆ. ಅವರಿಬ್ಬರೂ ನಡೆದು ಹೋಗಿದ್ದರೆ ಆಗ ಎಲ್ಲಿರುತ್ತಾರೋ.

ನಾನು ಒಲೆ ಹೊತ್ತಿಸಿದೆ. ಕಾಳು ಮೂಗಿಗೆ ಇಟ್ಟು ಗಡಿಗೆಯ ಪಕ್ಕದಲ್ಲಿ ಕುಳಿತು ಉಸಿರಾಡಿದೆ. ಸ್ವಲ್ಪ ಹೊತ್ತಿಗೆ ಕಾಳು ತೆಗೆದು ಒಲೆಯ ಆ ಬದಿಗೆ ಸರಿದು ಮೆಲ್ಲಗೆ, ಅಕ್ಕನ ಹಾಗೆ ಉಸಿರಾಡಿದೆ. ಮತ್ತೆ ಈ ಬದಿ, ಕಾಳು. ಮತ್ತೆ ಆ ಬದಿ. ನೀರು ಕಾಯಿಸಿ ಹಿಟ್ಟು ನಾದಿ ರೊಟ್ಟಿ ಬಡಿಯಲು ನೋಡಿದೆ. ಅಕ್ಕನ ಬಡಿತ ಕಿವಿಯಲ್ಲಿತ್ತು, ಕೈಗೆ ಬರಲಿಲ್ಲ. ರೊಟ್ಟಿ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದೆ. ಮತ್ತೆ ಹರಿಯಿತು.

"ದಾನವ್ವಾ, ಇದೇನ ಬಡಿಯಾಕತ್ತೀಯವಾ, ಅರಿಬಿ ಒಗದಂಗ" ಎನ್ನುತ್ತ ಸಾವಂತ್ರವ್ವ ಒಳಗೆ ಬಂದಳು.

ನನ್ನನ್ನು ಕಂಡು ನಿಂತಳು. ಹಿಟ್ಟಾದ ನನ್ನ ಕೈ ನೋಡಿದಳು, ಏಣಿ ನೋಡಿದಳು, ಒಳಗಿನ ಕೋಣೆಗೆ ಹೋಗಿ ಬಂದಳು. ಅವಳ ಬಾಯಿ ತೆರೆದಿತ್ತು. ಕಚೇರಿಯವನು ಇಲ್ಲಿ ಏನು ಮಾಡುತ್ತಿದ್ದಾನೆ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಒಂದು ಮಾತು ಆಡಿದರೆ, ಒಂದು ಹೌಹಾರಿದ ದನಿ ಹೊರಟರೆ ಸಾಕಿತ್ತು. ನಾನು ಅವಳ ಮುಂದೆ ಕೈಮುಗಿದೆ. ಮೂಗಿನಲ್ಲಿ ಕಾಳು ಸಿಳ್ಳೆ ಹೊಡೆಯಿತು.

ಅವಳು ಬಂದು ಪರಾತದ ಮುಂದೆ ಕುಳಿತಳು. ಉಳಿದ ಒಣ ಹಿಟ್ಟನ್ನು ಒಂದು ಬದಿಗೆ ಹರವಿ ಬೆರಳಿನಿಂದ ಬರೆದಳು. ನಿನಗ ಹೇಳಿ ಹೋದ್ಲೇನು?

ಇಲ್ಲ, ಎಂದು ಬರೆದೆ.

ಅವಳು ಅದನ್ನು ನೋಡುತ್ತ ಕುಳಿತಳು. ಆಮೇಲೆ ಕೆಳಗೆ ಬರೆದಳು. ನನಗೂ ಇಲ್ಲ.

ಅವಳ ಕಣ್ಣಲ್ಲಿ ನೀರಿತ್ತು. ಗೋಡೆಯಾಚೆ ಇಷ್ಟು ವರ್ಷ ಇದ್ದವಳು. ಸೆರಗಿನಿಂದ ಮುಖ ಒರೆಸಿಕೊಂಡು, ಬರೆದದ್ದನ್ನು ಅಳಿಸಿ, ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಹಿಟ್ಟಿನ ಉಂಡೆ ತೆಗೆದುಕೊಂಡಳು. ಬಡಿದಳು, ಬಡಿದಳು, ಸ್ವಲ್ಪ ನಿಂತಳು, ಬಾಗಿಲಲ್ಲಿ ಯಾರೋ ಕರೆದರೇನೋ ಎನ್ನುವ ಹಾಗೆ. ರೊಟ್ಟಿ ಹಂಚಿಗೆ ಬಿತ್ತು. ನಾನು ಒಲೆಯ ಈ ಬದಿಗೆ ಕುಳಿತು ಉಸಿರೆಳೆದೆ. ಅವಳು ದಿನಾ ಸಂಜೆ ಹಿತ್ತಿಲ ಬಾಗಿಲಿನಿಂದ ಬಂದಳು. ನಾವು ಒಂದು ಮಾತೂ ಆಡಲಿಲ್ಲ. ಮಾಡಿದ ರೊಟ್ಟಿಯನ್ನು ಇಬ್ಬರೂ ತಿಂದೆವು.

ಗಾಡಿ ಬಂದು ಗಡಿಗೆ ಒಯ್ದಿತು. ಅದು ನನ್ನ ಮೇಜಿಗೆ ಬರಲಿಲ್ಲ. ಸಾಹೇಬರೇ ನನ್ನನ್ನು ಕರೆಸಿ, ನನ್ನೆದುರು ಅದಕ್ಕೆ ಕಿವಿಯಿಟ್ಟರು. ಬಹಳ ಹೊತ್ತು ಇಟ್ಟರು. ಹೊರಗೆ ಯಾರೋ ಗಡಿಗೆಗಳನ್ನು ತೊಳೆಯುತ್ತಿದ್ದರು. ನಾನು ಮೂಗಿನಿಂದ ಉಸಿರಾಡುತ್ತ ಅವರ ಮುಚ್ಚಿದ ರೆಪ್ಪೆಗಳನ್ನು ನೋಡುತ್ತ ನಿಂತೆ. ಒಮ್ಮೆ ಅವರ ಹುಬ್ಬು ಅಲುಗಿತು. ಕೊನೆಗೆ ತಲೆಯೆತ್ತಿ, ಗಡಿಗೆಯನ್ನು ತಾವೇ ಬೋರಲು ಹಾಕಿ ಒಳಗಿದ್ದದ್ದನ್ನೆಲ್ಲ ಚೆಲ್ಲಿ, ಕಿವಿ ಒರೆಸಿಕೊಂಡರು.

"ನಿಮ್ಮಕ್ಕ ಆರಾಮ ಅದಾರಲ್ಲ?"

"ಆರಾಮ ಅದಾಳ್ರಿ" ಎಂದೆ. ಅದು ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.